ತಂಗಿ ಬಿಟ್ಟುಹೋದ ಎರಡು ಪಂಜರ

ತುಮಕೂರಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲ್‌ಗೆ ನಾನು ವಾರ್ಡನ್. ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ. ಯಾವ ಹುಡುಗಿ ಊಟ ಬಿಟ್ಟಿದ್ದಾಳೆ, ಯಾವಳು ಮುಸುಕು ಹಾಕಿಕೊಂಡು ಅಳುತ್ತಿದ್ದಾಳೆ, ಯಾವಳಿಗೆ ನಿಜವಾದ ಜ್ವರ, ಯಾವಳದು ಪರೀಕ್ಷೆಯ ಜ್ವರ ಎನ್ನುವುದು ಮೆಟ್ಟಿಲು ಹತ್ತುವಾಗಲೇ ನನಗೆ ಗೊತ್ತಾಗುತ್ತದೆ. ಹಾಗಂತ ನಾನೇ ಎಲ್ಲರ ಮುಂದೆ ಹೇಳಿಕೊಂಡು ಓಡಾಡುತ್ತಿದ್ದೆ. ನೋಡಿಕೊಳ್ಳುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ ಎಂಬ ಜಂಬ. ಅಂಥ ನನಗೆ ಇಲಿಯ ಜಾತಿಯ, ಅಂಗೈ ಅಗಲದ ಎರಡು ಹ್ಯಾಮ್ಸ್ಟರ್‌ಗಳನ್ನು ನೆಟ್ಟಗೆ ನೋಡಿಕೊಳ್ಳಲು ಬರಲಿಲ್ಲ.

ಅವು ನನ್ನವಲ್ಲ, ತಂಗಿಯವು. ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಅಮ್ಮ ಬೇಗ ಹೋಗಿದ್ದರಿಂದ ಅವಳಿಗೆ ಜಡೆ ಹಾಕಿ, ತುತ್ತು ಕೊಟ್ಟು, ಬೆನ್ನಿಗೆ ಗುದ್ದಿ ಬೆಳೆಸಿದವಳು ನಾನೇ. ಓದಿ ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್ ಆದಳು. ಮದುವೆ ಬೇಡ ಎಂದಳು. ನಾನು ತಂದ ಒಂದೊಂದು ಗಂಡಿಗೂ ಒಂದೊಂದು ನೆಪ ಹೇಳಿದಳು. ಕೊನೆಗೆ ನೆಪ ಹೇಳುವುದನ್ನೂ ಬಿಟ್ಟು ಸುಮ್ಮನೆ ನಕ್ಕಳು. ಗುಬ್ಬಿಯಲ್ಲೇ ಒಂದು ರೂಮು, ಅಡುಗೆಮನೆ, ಹಿತ್ತಲಲ್ಲಿ ಒಂದು ನುಗ್ಗೆ ಮರ ಇರುವ ಬಾಡಿಗೆ ಮನೆ ಹಿಡಿದಳು. ನನ್ನ ಮನೆಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ತಿಂಗಳಿಗೆ ಎರಡು ಸಲ ಡಬ್ಬಿ ತುಂಬಿಸಿಕೊಂಡು ಹೋಗಿ, ಕೂತು, ಬೈದು ಬರುತ್ತಿದ್ದೆ.

"ಒಬ್ಳೇ ಹೆಂಗೇ ಇರ್ತೀಯ?"

"ಚೆನ್ನಾಗಿರ್ತೀನಿ ಕಣಕ್ಕ. ನೀನು ಬಂದಾಗ್ಲೂ ಚೆನ್ನಾಗಿರ್ತೀನಿ. ನೀನು ಹೋದ್ಮೇಲೆ ಇನ್ನೂ ಚೆನ್ನಾಗಿರ್ತೀನಿ."

ನಾನದನ್ನು ತಮಾಷೆ ಎಂದುಕೊಂಡಿದ್ದೆ. ಒಂಟಿ ಹೆಂಗಸು ಸುಖವಾಗಿದ್ದೇನೆ ಎಂದರೆ ದುಃಖ ನುಂಗಿಕೊಂಡು ಹೇಳುತ್ತಿದ್ದಾಳೆ ಎಂದೇ ನನ್ನ ಲೆಕ್ಕ. ಹಾಗಾಗಿ ಒಂದು ಶ್ರಾವಣದಲ್ಲಿ ಅವಳು ತುಮಕೂರಿನ ಪೆಟ್ ಅಂಗಡಿಯಿಂದ ಎರಡು ಹ್ಯಾಮ್ಸ್ಟರ್ ಮರಿ ಕೊಂಡುಕೊಂಡಾಗ ನನಗೆ ಒಳಗೊಳಗೇ ಗೆದ್ದಷ್ಟು ಖುಷಿಯಾಯಿತು. ನೋಡು, ಜೊತೆ ಬೇಕಾಯಿತಲ್ಲ!

ಒಂದು ಕಂದು, ಒಂದು ಹಾಲಿನ ಕೆನೆಯ ಬಣ್ಣದ್ದು. ಎರಡೂ ಹೆಣ್ಣು, ಒಂದೇ ತಾಯಿಯ ಮರಿಗಳು. ಹೆಸರಿಡಲಿಲ್ಲ. "ಹೆಸರಿಟ್ರೆ ಕರೀಬೇಕು ಅನ್ಸುತ್ತೆ. ಅವಕ್ಕೆ ಕರೆಸ್ಕೊಳೋದು ಇಷ್ಟ ಇಲ್ಲ" ಎಂದಳು. ಎರಡು ತಿಂಗಳ ನಂತರ ಹೋದಾಗ ರೂಮಿನ ಆ ಗೋಡೆಗೊಂದು ಈ ಗೋಡೆಗೊಂದು ಪಂಜರ ಇತ್ತು. ಮೊದಲು ಒಂದೇ ಇತ್ತು.

"ಇದೇನೇ, ಅಕ್ಕತಂಗೀರ್ನ ಬೇರೆ ಮಾಡಿದೀಯ?"

"ಅವುಗಳ ಜಾತಿನೇ ಹಂಗೆ ಕಣಕ್ಕ. ಬೆಳೆದ್ಮೇಲೆ ಒಂದೊಂದೇ ಇರ್ಬೇಕು. ಒಟ್ಟಿಗಿದ್ರೆ ಕಚ್ಚಾಡಿ ಸತ್ತೇ ಹೋಗ್ತವೆ."

"ಅಯ್ಯೋ ಪಾಪ."

"ಪಾಪ ಏನೂ ಇಲ್ಲ. ಅವಕ್ಕೆ ಅದೇ ಸುಖ."

ಅದನ್ನೂ ನಾನು ನಂಬಲಿಲ್ಲ.

ಮುಂದಿನ ಆಷಾಢದಲ್ಲಿ ಅವಳಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಬೆಂಗಳೂರಿನ ಆಸ್ಪತ್ರೆಗೆ ಓಡಾಡಿದೆವು. ದೀಪಾವಳಿ ಕಳೆಯುವ ಹೊತ್ತಿಗೆ ಅಲ್ಲಿನ ಡಾಕ್ಟರು, ಇನ್ನು ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದರು. ಆ ಮಾತಿನ ಅರ್ಥ ನನಗೂ ಗೊತ್ತಾಯಿತು, ಅವಳಿಗೂ ಗೊತ್ತಾಯಿತು. ಅವಳು ಗುಬ್ಬಿಯಲ್ಲೇ ಇರುತ್ತೇನೆ ಎಂದಳು. ಓನರ್ ಮನೆಯವರು ಮೇಲೆಯೇ ಇದ್ದಾರೆ, ಕೂಗಿದರೆ ಬರುತ್ತಾರೆ ಎಂದಳು. ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವಳ ಬಟ್ಟೆ ತುಂಬಿ, ಗ್ಯಾಸ್ ಬಂದ್ ಮಾಡಿ, ಬೀಗ ಹಾಕಿ ಬೀಗದ ಕೈ ನನ್ನ ಬ್ಯಾಗಿಗೆ ಹಾಕಿಕೊಂಡೆ. ಎರಡೂ ಪಂಜರ ಬರಲೇಬೇಕು ಎಂದು ಮಾತ್ರ ಅವಳು ಹಟ ಹಿಡಿದಳು. ಕಾರಿನ ಹಿಂದಿನ ಸೀಟಿನಲ್ಲಿ ಒಂದು ಪಂಜರ ಅವಳ ತೊಡೆಯ ಮೇಲೆ, ಇನ್ನೊಂದು ನನ್ನ ತೊಡೆಯ ಮೇಲೆ. ಹಾಗೆ ತುಮಕೂರಿಗೆ ಬಂದೆವು.

ಅವಳು ಬರುವ ಮುಂಚೆಯೇ ನಾನು ಅವಳ ಕೋಣೆಯ ಬಾಗಿಲಿನ ಚಿಲಕ ಬಿಚ್ಚಿಸಿದ್ದೆ. ನಮ್ಮ ಹಾಸ್ಟೆಲ್ಲಿನಲ್ಲಿ ಕಾಯಿಲೆ ಬಿದ್ದವರನ್ನು ಮಲಗಿಸುವ ಕೋಣೆಗೆ ಒಳಗಿನಿಂದ ಚಿಲಕ ಇರುವುದಿಲ್ಲ. ಹಿಂದೆ ಒಬ್ಬಳು ಚಿಲಕ ಹಾಕಿಕೊಂಡು ಒಳಗೆ ತಲೆ ತಿರುಗಿ ಬಿದ್ದು, ಬಾಗಿಲು ಒಡೆಯಬೇಕಾಗಿ ಬಂದಿತ್ತು. ಆವತ್ತಿನಿಂದ ನಾನು ಮಾಡಿದ ನಿಯಮ ಅದು. ಅದನ್ನೇ ಮನೆಗೂ ತಂದೆ. ಮೊದಲ ದಿನ ಅವಳು ಒಳಗಿನಿಂದ ಬಾಗಿಲು ಎಳೆದುಕೊಂಡಳು. ಅದು ತನ್ನಷ್ಟಕ್ಕೆ ವಾಪಸ್ ತೆರೆದುಕೊಂಡಿತು. ಇನ್ನೊಮ್ಮೆ ಎಳೆದಳು. ಮತ್ತೆ ತೆರೆದುಕೊಂಡಿತು. ಬಾಗಿಲಿನ ಮೇಲೆ ಸ್ಕ್ರೂ ಇದ್ದ ತೂತುಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಚಿಲಕ ಎಲ್ಲಕ್ಕ?"

"ಒಳಗೆ ತಲೆ ಸುತ್ತಿ ಬಿದ್ರೆ ಯಾರೇ ನೋಡೋರು?"

"ಸರಿ ಬುಡು. ನಾನೂ ನಿನ್ ಹಾಸ್ಟೆಲ್ ಹುಡ್ಗಿ ಆದೆ" ಎಂದು ನಕ್ಕಳು. ನಾನೂ ನಕ್ಕೆ.

ಆ ಮೂರು ತಿಂಗಳು ಅವಳನ್ನು ಒಂದು ಗಂಟೆಯೂ ಒಂಟಿಯಾಗಿ ಬಿಡಲಿಲ್ಲ. ಹಾಗೆ ಬಿಡಲಿಲ್ಲ ಎಂಬುದೇ ನನ್ನ ಹೆಮ್ಮೆಯಾಗಿತ್ತು. ನಾನು ಡ್ಯೂಟಿಗೆ ಹೋದರೆ ನನ್ನ ಗಂಡ ಕೂರುತ್ತಿದ್ದರು. ಅವರಿಗೆ ಆಗದಿದ್ದರೆ ಪಕ್ಕದ ಮನೆಯಾಕೆ. ಗೂಳೂರಿನಿಂದ, ಬೆಳ್ಳಾವಿಯಿಂದ ನೆಂಟರು ಎಳನೀರು, ಮೂಸಂಬಿ ಹಿಡಿದುಕೊಂಡು ಬಂದು ಅವಳ ಮಂಚದ ಕಾಲ ಹತ್ತಿರ ಕೂತು, ತಮಗೆ ಗೊತ್ತಿರುವ ಬೇರೆ ರೋಗಿಗಳ ಕಥೆ ಹೇಳುತ್ತಿದ್ದರು. ಅವಳು ಕಣ್ಣು ಮುಚ್ಚಿಕೊಂಡು ಹೂಂಗುಟ್ಟುತ್ತಿದ್ದಳು. ಪಂಜರಗಳಿಗೆ ಮಾತ್ರ ಬಟ್ಟೆ ಹೊದಿಸಿಡಲು ಹೇಳುತ್ತಿದ್ದಳು. "ಹಗಲೊತ್ತು ನಿದ್ದೆ ಮಾಡೋ ಪ್ರಾಣಿ ಅವು, ಜನ ನೋಡಿದ್ರೆ ಹೆದರ್ತವೆ" ಎನ್ನುತ್ತಿದ್ದಳು.

ಪುಷ್ಯದ ಒಂದು ಬೆಳಿಗ್ಗೆ, ನಾನು ತಲೆ ಬಾಚುತ್ತಿದ್ದಾಗ ಕೇಳಿದಳು.

"ಅಕ್ಕ, ಒಂದಿನ ನನ್ನ ಗುಬ್ಬಿಗೆ ಕರ್ಕೊಂಡ್ ಹೋಗಿ ಬಿಟ್ಟು ಬಾ. ಬೆಳಿಗ್ಗೆ ಬಿಟ್ಟು ಸಂಜೆ ಕರ್ಕೊಂಡ್ ಬಾ. ಅಷ್ಟೇ ಸಾಕು. ಒಬ್ಳೇ ಇರ್ತೀನಿ."

"ನೆಟ್ಟಗೆ ಕೂರಕ್ಕಾಗಲ್ಲ, ಒಬ್ಳೇ ಇರ್ತಾಳಂತೆ! ನಾನು ಬದುಕಿರೋವರ್ಗೂ ನಿನ್ನ ಒಬ್ಳೇ ಬಿಡಲ್ಲ ಕಣೇ."

ಅದು ಪ್ರೀತಿಯಿಂದಲೇ ಹೇಳಿದ ಮಾತು. ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದ್ದೆ. ಅವಳು ಗೋಡೆ ಕಡೆ ಮಗ್ಗಲು ತಿರುಗಿದಳು. ಮತ್ತೆ ಕೇಳಲಿಲ್ಲ.

ಆ ವಾರವೇ ಅವಳು ಒಂದು ಚೌಕಳಿ ಪುಸ್ತಕದಲ್ಲಿ ಹ್ಯಾಮ್ಸ್ಟರ್‌ಗಳ ಬಗ್ಗೆ ಬರೆಯತೊಡಗಿದಳು. ದಿನಕ್ಕೆ ನಾಲ್ಕೈದು ಸಾಲು, ಕೈ ನಡುಗುವವರೆಗೆ. ಸೌತೆಕಾಯಿ ಎಷ್ಟು ಚೂರು, ಕ್ಯಾರೆಟ್ ಎಷ್ಟು. ಈರುಳ್ಳಿ, ಕಿತ್ತಳೆ ಬೇಡವೇ ಬೇಡ. ನೀರಿನ ಬಾಟಲಿಯ ಮೂತಿಯನ್ನು ಬೆರಳಿಂದ ಒತ್ತಿ ಹನಿ ಬರುತ್ತದೆಯೇ ದಿನವೂ ನೋಡಬೇಕು. ನೀರು ಹಾಕಿ ಸ್ನಾನ ಮಾಡಿಸಬಾರದು, ಮಣ್ಣಿಲ್ಲದ ಒಣ ಮರಳಿಟ್ಟರೆ ಅವೇ ಹೊರಳಿಕೊಳ್ಳುತ್ತವೆ. ಗೂಡಿಗೆ ಹಾಸಲು ಹಳೆಯ ಟೆಸ್ಟ್ ಪೇಪರಿನ ಕಟ್ಟು ಇದೆ, ಶಾಯಿ ತಾಗದ ಹಾಳೆ ಮಾತ್ರ ಕತ್ತರಿಸಬೇಕು. ಎರಡು ವರ್ಷ ದಾಟಿದರೆ ಅವಕ್ಕೆ ವಯಸ್ಸಾಯಿತೆಂದು ಅರ್ಥ, ಆಮೇಲೆ ಹೋದರೆ ನೀನು ಅಳಬೇಡ. ಕೊನೆಯ ಪುಟದಲ್ಲಿ ಒಂದೇ ಸಾಲು, ಕೆಂಪು ಪೆನ್ನಿನಲ್ಲಿ, ಕೆಳಗೆ ಎರಡು ಗೆರೆ: "ಎಷ್ಟೇ ಅನ್ಸಿದ್ರೂ ಎರಡನ್ನೂ ಒಟ್ಟಿಗೆ ಬಿಡಬೇಡ ಅಕ್ಕ."

ಪುಸ್ತಕ ನನ್ನ ಕೈಗೆ ಕೊಟ್ಟು, "ಅವು ಹೋಗೋ ಕಾಲಕ್ಕೆ ತಾವಾಗಿ ಹೋಗ್ಲಿ. ಅಷ್ಟು ನೋಡ್ಕೊ" ಎಂದಳು. ನೋಡಿಕೊಳ್ಳುತ್ತೇನೆ ಎಂದು ಕೈ ಮೇಲೆ ಕೈ ಇಟ್ಟೆ.

ಮಾಘದಲ್ಲಿ, ಮಧ್ಯಾಹ್ನದ ಹೊತ್ತು, ಕೋಣೆಯಲ್ಲಿ ಹನ್ನೊಂದು ಜನ ಇದ್ದಾಗ ಅವಳು ಹೋದಳು. ಕುಣಿಗಲ್ ಹತ್ತಿರ ನನ್ನ ತಮ್ಮ ನೋಡಿಕೊಳ್ಳುವ ನಮ್ಮ ತೆಂಗಿನ ತೋಟ ಇದೆ, ಅಲ್ಲಿ ಮಣ್ಣು ಮಾಡಿದೆವು. ಶಿವಗಣಾರಾಧನೆಗೆ ಬಂದವರೆಲ್ಲ ನನ್ನ ಬೆನ್ನು ಸವರಿ ಒಂದೇ ಮಾತು ಹೇಳಿದರು. ಪುಣ್ಯವಂತೆ, ಒಬ್ಬಳೇ ಹೋಗಲಿಲ್ಲ, ಎಲ್ಲರ ಮಧ್ಯೆ ಹೋದಳು. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ನನ್ನನ್ನೂ ಒಂಟಿಯಾಗಿ ಬಿಡಬಾರದೆಂದು ಹೆಬ್ಬೂರಿನ ಚಿಕ್ಕಮ್ಮ ಹದಿನೈದು ದಿನ ನನ್ನ ಪಕ್ಕದಲ್ಲೇ ಮಲಗಿದಳು. ಸಾವಿನ ಮನೆಯಲ್ಲಿ ನಮ್ಮ ಕಡೆ ಯಾರನ್ನೂ ಒಂಟಿಯಾಗಿ ಬಿಡುವುದಿಲ್ಲ.

ಚಿಕ್ಕಮ್ಮ ಹೊರಟ ಮೇಲೆ ನಾನು, ನನ್ನ ಗಂಡ, ತಂಗಿಯ ಕೋಣೆಯಲ್ಲಿದ್ದ ಆ ಎರಡು ಪಂಜರ ಉಳಿದೆವು. ಆಗ ಶುರುವಾಯಿತು ನನ್ನ ದಿಗಿಲು. ತಂಗಿಯದೆಂದು ಉಸಿರಾಡುವುದು ಈ ಭೂಮಿಯ ಮೇಲೆ ಇನ್ನೆರಡೇ ಇವೆ, ಅವುಗಳಿಗೆ ಏನಾದರೂ ಆದರೆ? ಪಂಜರದ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಹೊಟ್ಟೆ ಏರಿಳಿಯುವುದನ್ನು ನೋಡುತ್ತಿದ್ದೆ. ಹಾಸ್ಟೆಲ್ಲಿನಿಂದ ದಿನಕ್ಕೆ ಮೂರು ಸಲ ಫೋನು. "ರೀ, ನೀರು ಕುಡೀತಾ ನೋಡ್ರಿ." "ರೀ, ಫ್ಯಾನ್ ಗಾಳಿ ನೇರವಾಗಿ ಬಡೀತಿದೆಯಾ?"

"ನಂಗೆ ಡೆಂಗ್ಯೂ ಆದಾಗ ಇಷ್ಟು ವಿಚಾರಿಸ್ಕೊಂಡಿರ್ಲಿಲ್ವಲ್ಲೇ ನೀನು" ಎಂದರು ನನ್ನ ಗಂಡ. ಆದರೂ ಎದ್ದು ಹೋಗಿ ನೋಡಿ ಬರುತ್ತಿದ್ದರು.

ಒಂದು ದಿನ ಸಂಜೆ ಕಂದು ಹ್ಯಾಮ್ಸ್ಟರಿನ ಎರಡು ಕೆನ್ನೆಯೂ ಊದಿಕೊಂಡು ಮುಖ ಕುತ್ತಿಗೆ ಒಂದೇ ಆಗಿತ್ತು. ಮಂಗನಬಾವು ಬಂದಿದೆ ಎಂದು ನನ್ನ ಜೀವವೇ ಹೋಯಿತು. ಅದನ್ನು ಊಟದ ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ತೂತು ಮಾಡಿ, ಪಶು ಆಸ್ಪತ್ರೆಗೆ ಓಡಿದೆ. ಅಲ್ಲಿ ಎರಡು ಸೀಮೆ ಹಸು, ಒಂದು ಮೇಕೆ, ಆಮೇಲೆ ನಾನು. ಡಾಕ್ಟರು ಡಬ್ಬಿಯೊಳಗೆ ಇಣುಕಿ, "ಎಷ್ಟು ಲೀಟರ್ ಕೊಡುತ್ತೆ ಮೇಡಂ?" ಎಂದರು. ಅಷ್ಟರಲ್ಲಿ ಅದು ಎರಡೂ ಕೆನ್ನೆಯಿಂದ ಸೂರ್ಯಕಾಂತಿ ಬೀಜ, ರಾಗಿ, ಒಂದು ಕಡಲೆ ಎಲ್ಲ ಡಬ್ಬಿಗೆ ಕಕ್ಕಿ ಗುಡ್ಡೆ ಹಾಕಿತು. ಕೆನ್ನೆ ಇಳಿಯಿತು. ಮೇಕೆ ಹಿಡಿದುಕೊಂಡಿದ್ದವನೂ ನಕ್ಕ. ಕೆನ್ನೆಯಲ್ಲಿ ಉಗ್ರಾಣ ಇರುತ್ತದೆ ಎಂದು ಪುಸ್ತಕದಲ್ಲಿ ಬರೆದೇ ಇದ್ದಳು, ಗಾಬರಿಯಲ್ಲಿ ಮರೆತಿದ್ದೆ. ಅವಳು ಹೋದ ಮೇಲೆ ನಾನು ಮೊದಲು ನಕ್ಕಿದ್ದು ಆವತ್ತೇ. ಮನೆಗೆ ಬಂದು ಅತ್ತೆ.

ಚೈತ್ರದಲ್ಲಿ ಬಿಸಿಲು ಏರಿತು. ಕೆನೆಬಣ್ಣದ್ದು ಮಂಕಾಯಿತು. ಪಂಜರದೊಳಗೆ ಓಡಲು ಇಟ್ಟ ಚಕ್ರ ಹತ್ತುವುದು ಬಿಟ್ಟಿತು. ಕಾಗದದ ಗೂಡಿನಿಂದ ಮೂತಿ ಮಾತ್ರ ಹೊರಗೆ ಹಾಕಿ ಮಲಗಿರುತ್ತಿತ್ತು. ಸೌತೆಕಾಯಿ ಇಟ್ಟರೆ ಅರ್ಧ ಉಳಿಸುತ್ತಿತ್ತು. ನಾನು ಹುಡುಗಿಯರಲ್ಲಿ ಇದನ್ನು ಎಷ್ಟು ಸಲ ನೋಡಿಲ್ಲ? ಜೂನ್ ತಿಂಗಳಲ್ಲಿ ಹೊಸದಾಗಿ ಬಂದವಳು ಹೀಗೇ ಮೂಲೆ ಹಿಡಿಯುತ್ತಾಳೆ. ಅವಳನ್ನು ಇನ್ನೊಬ್ಬ ಅಳುಮುಂಜಿಯ ಜೊತೆ ಒಂದೇ ರೂಮಿಗೆ ಹಾಕುತ್ತೇನೆ. ಎಂಟು ದಿನಕ್ಕೆ ಇಬ್ಬರೂ ಸರಿಹೋಗುತ್ತಾರೆ. ಜಗಳ ಆಡಿ ಮಾತು ಬಿಟ್ಟವರಿಗೂ ನನ್ನಲ್ಲಿ ಮದ್ದಿದೆ. ಎದುರುಬದುರು ಕೂರಿಸಿ ಒಂದೇ ತಟ್ಟೆಯಲ್ಲಿ ಚಿತ್ರಾನ್ನ ಹಾಕಿಕೊಡುತ್ತೇನೆ, ಖಾಲಿಯಾಗುವವರೆಗೆ ಏಳುವ ಹಾಗಿಲ್ಲ. ಮೊದಲು ಮುಖ ಊದಿಸಿಕೊಂಡು ತಿನ್ನುತ್ತಾರೆ, ತಟ್ಟೆಯ ತಳ ಕಾಣುವ ಹೊತ್ತಿಗೆ ಯಾರಾದರೊಬ್ಬರು ನಗುತ್ತಾರೆ. ಹತ್ತೊಂಬತ್ತು ವರ್ಷದಲ್ಲಿ ಅದು ಸೋತಿದ್ದೇ ಇಲ್ಲ.

ಪುಸ್ತಕದ ಕೊನೆಯ ಪುಟ ನನಗೆ ನೆನಪಿರಲಿಲ್ಲ ಎಂದು ಸುಳ್ಳು ಹೇಳಲಾರೆ. ಆ ಶನಿವಾರ ಸಂಜೆ ಅದನ್ನು ತೆಗೆದು ಮತ್ತೆ ಓದಿದೆ. ಫೋನಿನಲ್ಲೂ ಹುಡುಕಿದೆ, ಅಲ್ಲೂ ಅದನ್ನೇ ಬರೆದಿದ್ದರು. ಆದರೆ ನನ್ನ ಮನಸ್ಸು ಬೇರೆ ಹೇಳಿತು. ಇವಳು ಯಾವಾಗಲೂ ಹೀಗೇ, ತನಗೆ ಜೊತೆ ಬೇಡ ಎಂದವಳು ಇವಕ್ಕೂ ಬೇಡ ಎಂದಿದ್ದಾಳೆ. ಪ್ರಾಣಿಗೆ ಯಜಮಾನಿ ಹೋದದ್ದು ತಿಳಿಯದೇ ಇರುತ್ತದೆಯೇ? ಒಡಹುಟ್ಟಿದ್ದು ಎರಡು ಮಾರು ದೂರದಲ್ಲಿರುವಾಗ ಒಂಟಿಯಾಗಿ ಕೊರಗಬೇಕೆ?

ಕಂದು ಹ್ಯಾಮ್ಸ್ಟರಿನ ಪಂಜರವೇ ದೊಡ್ಡದು, ಅದರ ಮಧ್ಯೆ ಒಂದು ತಟ್ಟೆ ಇಟ್ಟು, ಸೌತೆಕಾಯಿ ಹಾಕಿ, ಎರಡನ್ನೂ ಆಚೀಚೆ ಬಿಟ್ಟೆ. ಒಂದು ಇನ್ನೊಂದರ ಹತ್ತಿರ ಬಂದು ಮೂಸಿತು. ಕೆನೆಬಣ್ಣದ್ದು ಎದ್ದು ಮೂಲೆಗೆ ಹೋಗಿ ಕೂತಿತು. ಕಂದುಬಣ್ಣದ್ದು ಸೌತೆಕಾಯಿ ಕಡಿಯಿತು. ಅಷ್ಟೇ. ಅರ್ಧ ಗಂಟೆ ನೋಡಿದೆ, ಏನೂ ಆಗಲಿಲ್ಲ. ನೋಡಿದೆಯೇನೇ ಎಂದು ತಂಗಿಗೆ ಮನಸ್ಸಿನಲ್ಲೇ ಹೇಳಿದೆ. ಒಂದು ಫೋಟೋ ತೆಗೆದುಕೊಂಡೆ. ಆವತ್ತು ಅಡುಗೆಯವಳು ರಜೆ ಹಾಕಿದ್ದರಿಂದ ಹಾಸ್ಟೆಲ್ಲಿನಲ್ಲೇ ಉಳಿಯಬೇಕಿತ್ತು. ಹೊರಟುಹೋದೆ.

ಭಾನುವಾರ ಬೆಳಿಗ್ಗೆ ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಬಂದೆ. ಪ್ಯಾಕೆಟ್ಟನ್ನು ಕೆಳಗಿಡುವ ಮುಂಚೆಯೇ ಕೋಣೆಗೆ ಹೋದೆ. ಕಂದುಬಣ್ಣದ್ದು ಚಕ್ರದ ಕೆಳಗೆ ಮುದುಡಿಕೊಂಡಿತ್ತು, ಒಂದು ಕಿವಿ ಹರಿದಿತ್ತು. ಕೆನೆಬಣ್ಣದ್ದು ಕಾಣಲಿಲ್ಲ. ಕಾಗದದ ಚೂರುಗಳು ಒಂದು ಮೂಲೆಯಲ್ಲಿ ಒದ್ದೆಯಾಗಿದ್ದವು. ಶಾಯಿ ತಾಗದ ಹಾಳೆಗಳು, ನಾನೇ ಆರಿಸಿ ಕತ್ತರಿಸಿದವು, ಕೆಂಪಾಗಿದ್ದವು. ಅವುಗಳ ಅಡಿಯಲ್ಲಿ ಅದು ಇತ್ತು. ಉಸಿರಿತ್ತು. ಅದು ಎಲ್ಲಿಗೆ ಓಡಲು ನೋಡಿತೋ, ಆ ಪಂಜರದಲ್ಲಿ ಓಡಲು ಎಲ್ಲಿ ಜಾಗವಿತ್ತು?

"ಸದ್ದು ಕೇಳಿಸ್ತು ಕಣೇ. ಚಕ್ರ ತಿರುಗ್ತಿದೆ ಅಂದ್ಕೊಂಡೆ" ಎಂದರು ನನ್ನ ಗಂಡ. ಅವರ ಮುಖ ನೋಡಲು ನನಗೆ ಆಗಲಿಲ್ಲ. ಅವರದೇನೂ ತಪ್ಪಿರಲಿಲ್ಲ.

ಡಾಕ್ಟರ ಮನೆಗೇ ಹೋದೆವು. ಅವರು ಬನಿಯನ್ನಿನಲ್ಲೇ ಹೊರಗೆ ಬಂದು ಡಬ್ಬಿ ತೆಗೆದು ನೋಡಿದರು. ಈ ಸಲ ತಮಾಷೆ ಮಾಡಲಿಲ್ಲ.

"ಒಟ್ಟಿಗೆ ಬಿಟ್ಟಿದ್ರಾ?"

"ಹೂಂ."

"ಯಾಕ್ ಮೇಡಂ?"

"ಒಂದು ಮಂಕಾಗಿತ್ತು. ಊಟ ಬಿಟ್ಟಿತ್ತು. ಒಂಟಿಯಾಗಿ ಕೊರಗ್ತಿದೆ ಅಂತ..."

"ಬಿಸ್ಲು ಮೇಡಂ. ಈ ಬಿಸ್ಲಿಗೆ ಎಲ್ಲವೂ ಮಂಕೇ. ಪಂಜರದ ಹತ್ರ ಒದ್ದೆ ಬಟ್ಟೆ ಕಟ್ಟಿದ್ರೆ ಸರಿಹೋಗ್ತಿತ್ತು."

ಇಂಜೆಕ್ಷನ್ ತರಲು ಅವರು ಒಳಗೆ ಹೋಗಿ ಬರುವಷ್ಟರಲ್ಲಿ ಅದು ಹೋಗಿತ್ತು. ಡಬ್ಬಿ ನನ್ನ ಕೈಯಲ್ಲೇ ಇತ್ತು. ಒಂದು ಒದ್ದೆ ಬಟ್ಟೆ! ಅಷ್ಟೇ ಬೇಕಾಗಿದ್ದುದು. ಅದಕ್ಕೆ ಸೆಕೆಯಾಗುತ್ತಿತ್ತು, ದುಃಖ ಇದ್ದದ್ದು ನನಗೆ. ನನ್ನ ದುಃಖವನ್ನು ಅದರ ಬಾಯಿಗೆ ತುರುಕಿ, ಅದಕ್ಕೆ ನನಗೆ ಬೇಕಾದ ಮದ್ದು ಕೊಟ್ಟು ಸಾಯಿಸಿದೆ.

ಕುಣಿಗಲ್ಲಿಗೆ ಹೋಗೋಣ ಎಂದೆ. "ಇಲಿ ಹೂಳೋಕೆ ಕುಣಿಗಲ್‌ವರ್ಗೂ..." ಎಂದು ಶುರು ಮಾಡಿದ ನನ್ನ ಗಂಡ ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿ ಕಾರು ತೆಗೆದರು. ತೋಟದಲ್ಲಿ ತಮ್ಮ ಕಾಯಿ ಸುಲಿಸುತ್ತಿದ್ದ. ಡಬ್ಬಿಯ ಮುಚ್ಚಳ ತೆಗೆದು ನೋಡಿ ಗುದ್ದಲಿ ತಗೊಂಡು ನಡೆದ. ತಂಗಿಯ ಸಮಾಧಿಯ ಮಣ್ಣು ಇನ್ನೂ ಪೂರ್ತಿ ಕೂತಿರಲಿಲ್ಲ. ಅದರ ಪಕ್ಕದಲ್ಲೇ ಒಂದು ಗೇಣು ಬಿಟ್ಟು ಗುದ್ದಲಿ ಎತ್ತಿದ.

"ಇಲ್ಲೇ ಇರ್ಲಿ ಅಲ್ವೇನಕ್ಕ? ಅವಳಿಗೂ ಜೊತೆ ಆಗುತ್ತೆ."

ಬೆಳಿಗ್ಗೆಯಿಂದ ತಡೆದುಕೊಂಡಿದ್ದೆಲ್ಲ ಆಗ ಒಡೆಯಿತು. ಜೊತೆ! ನಮಗೆಲ್ಲ ಒಂದೇ ಮಾತು ಗೊತ್ತು. ಗುದ್ದಲಿಯ ಕಾವು ಹಿಡಿದುಕೊಂಡೆ.

"ಬೇಡ ಕಣೋ. ಇಲ್ಲಿ ಬೇಡ. ದೂರ ತೆಗಿ. ಅವಳು ಒಬ್ಳೇ ಇರ್ಲಿ ಬುಡು, ಈಗ್ಲಾದ್ರೂ ಒಬ್ಳೇ ಇರ್ಲಿ."

ಅವನಿಗೆ ಅರ್ಥವಾಗಲಿಲ್ಲ. ಆದರೂ ಬೇಲಿಯ ಹತ್ತಿರದ ಕೊನೆಯ ತೆಂಗಿನ ಮರದ ಬುಡಕ್ಕೆ ಹೋಗಿ ಅಗೆದ. ನಾನು ಸಮಾಧಿಯ ಮುಂದೆ ನಿಂತಿದ್ದೆ. ಕ್ಷಮಿಸು ಎನ್ನಬೇಕೆಂದುಕೊಂಡೆ. ಹ್ಯಾಮ್ಸ್ಟರ್ ವಿಷಯಕ್ಕೋ ಇನ್ನೊಂದಕ್ಕೋ ನನಗೇ ತಿಳಿಯಲಿಲ್ಲ. ಮಂಚದ ಕಾಲ ಹತ್ತಿರ ಕೂತ ನೆಂಟರು, ಗೋಡೆ ಕಡೆ ತಿರುಗಿದ ಅವಳ ಬೆನ್ನು, ಸ್ಕ್ರೂ ತೂತು ಮುಟ್ಟಿ ನೋಡಿದ ಬೆರಳು, ಎಲ್ಲ ಒಟ್ಟಿಗೆ ಬಂದವು. ಹನ್ನೊಂದು ಜನರ ಮಧ್ಯೆ ಹೋದಳು ಎಂಬ ಸಮಾಧಾನ ಆವತ್ತು ಆ ತೋಟದಲ್ಲೇ ಮುಗಿಯಿತು.

ಮೊದಲ ಒಂದು ವಾರ ಕಂದು ಹ್ಯಾಮ್ಸ್ಟರನ್ನು ಕಂಡರೆ ನನಗೆ ಸಿಟ್ಟು. ಒಡಹುಟ್ಟಿದ್ದನ್ನು ತಿಂದ ಪಾಪಿ ಎಂದು ಬೈದುಕೊಂಡೇ ಬೀಜ ಹಾಕುತ್ತಿದ್ದೆ. ಕಿವಿಗೆ ಡಾಕ್ಟರು ಕೊಟ್ಟ ಮುಲಾಮು ಹಚ್ಚುವಾಗ ಅದು ನನ್ನ ಬೆರಳನ್ನು ಕಚ್ಚಿತು. ರಕ್ತ ಬಂತು. ಆ ನೋವು ನನಗೆ ಯಾಕೋ ಹಿತವಾಗಿತ್ತು. ಅದು ತನ್ನ ಮನೆಗೆ ನುಗ್ಗಿದವರನ್ನು ಕಚ್ಚಿತ್ತು, ಅಷ್ಟೇ. ನುಗ್ಗಿಸಿದವಳು ನಾನು.

ಆಮೇಲೆ ಬಿಡುವುದನ್ನು ಕಲಿತೆ. ಐವತ್ತಮೂರನೇ ವಯಸ್ಸಿನಲ್ಲಿ, ಬಲು ಕಷ್ಟಪಟ್ಟು. ಸಂಜೆ ನೀರು, ಬೀಜ, ಸೌತೆಕಾಯಿ ಇಟ್ಟು ಕೋಣೆಯಿಂದ ಹೊರಗೆ ಬರಬೇಕು. ಇಣುಕಬಾರದು, ಹೊಟ್ಟೆ ಏರಿಳಿಯುತ್ತದೆಯೇ ಎಂದು ಕುಕ್ಕರುಗಾಲಿನಲ್ಲಿ ಕೂರಬಾರದು. ಸೌತೆಕಾಯಿ ಖಾಲಿಯಾಗಿದೆಯೇ ಎಂದು ಮಾರನೆಯ ದಿನ ನೋಡಿದರೆ ಸಾಕು. ಹಾಸ್ಟೆಲ್ಲಿನಲ್ಲಿ ಒಂದು ಹುಡುಗಿ ಟೆರೇಸಿನ ಮೆಟ್ಟಿಲ ಮೇಲೆ ಒಬ್ಬಳೇ ಕೂತಿರುವುದು ಕಂಡರೆ ಮೊದಲಿನ ಹಾಗೆ ಕೈಹಿಡಿದು ಎಳೆದು ತರಲು ಈಗ ಭಯ. "ಯಾರಾದ್ರೂ ಬೇಕಾ?" ಎಂದು ಕೇಳುತ್ತೇನೆ. "ಬೇಡ ಮ್ಯಾಮ್" ಎಂದರೆ ಇಳಿದು ಬರುತ್ತೇನೆ. ಇಳಿಯುವಾಗ ಪ್ರತಿ ಮೆಟ್ಟಿಲಿನಲ್ಲೂ ಅನುಮಾನ. ಬಿಟ್ಟದ್ದು ಸರಿಯೋ ಎಂಬ ಅನುಮಾನ ನನಗೆ ಇವತ್ತಿಗೂ ಹೋಗಿಲ್ಲ.

ಮತ್ತೆ ಕಾರ್ತಿಕ ಬಂತು. ಕಂದು ಹ್ಯಾಮ್ಸ್ಟರಿಗೆ ಎರಡು ವರ್ಷದ ಮೇಲಾಗಿತ್ತು. ಬೆನ್ನಿನ ಕೂದಲು ಉದುರಿತ್ತು, ಚಕ್ರ ಬಿಟ್ಟಿತ್ತು. ಈ ಸಲ ಡಾಕ್ಟರ ಹತ್ತಿರ ಮೊದಲೇ ಹೋಗಿದ್ದೆ. "ವಯಸ್ಸಾಯ್ತು ಮೇಡಂ. ನೋವಿದ್ದ ಹಂಗೆ ಕಾಣಲ್ಲ. ಸುಮ್ನೆ ಬಿಡಿ" ಎಂದಿದ್ದರು. ಒಂದು ರಜೆಯ ದಿನ ಬೆಳಿಗ್ಗೆ ನೋಡಿದಾಗ ಅದು ನಿಲ್ಲಲಾರದೆ ಪಕ್ಕಕ್ಕೆ ವಾಲುತ್ತಿತ್ತು. ಎತ್ತಿ ಅಂಗೈಯಲ್ಲಿ ಇಟ್ಟುಕೊಂಡು ಎದೆಗೆ ಒತ್ತಿಕೊಳ್ಳಬೇಕೆಂದು ಕೈ ಚಾಚಿದೆ. ಅದು ಮೆಲ್ಲಗೆ, ಎರಡು ಸಲ ಬಿದ್ದು ಎದ್ದು, ನನ್ನ ಕೈಯಿಂದ ದೂರದ ಮೂಲೆಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿತು.

ಆ ಬೆನ್ನನ್ನು ನಾನು ಮೊದಲೂ ನೋಡಿದ್ದೆ.

ನೀರಿನ ಬಾಟಲಿಯನ್ನು ಅದರ ಬಾಯಿಗೆ ಎಟುಕುವಷ್ಟು ಕೆಳಗೆ ಕಟ್ಟಿದೆ. ಟೆಸ್ಟ್ ಪೇಪರಿನ ಕಟ್ಟಿನಲ್ಲಿ ಉಳಿದಿದ್ದ ಕೊನೆಯ ಖಾಲಿ ಹಾಳೆಗಳನ್ನು ಸಣ್ಣಗೆ ಕತ್ತರಿಸಿ ಅದರ ಸುತ್ತ ಹಾಕಿದೆ. ಪಂಜರಕ್ಕೆ ಬಟ್ಟೆ ಹೊದಿಸಿ ಹೊರಗೆ ಬಂದು ಬಾಗಿಲು ದೂಡಿದೆ. ಚಿಲಕವಿಲ್ಲದ ಬಾಗಿಲು, ಮೊದಲಿನ ಹಾಗೆಯೇ ತೆರೆದುಕೊಂಡಿತು. ಮತ್ತೆ ದೂಡಿದೆ, ಮತ್ತೆ ತೆರೆದುಕೊಂಡಿತು. ಕೊನೆಗೆ ಮುಚ್ಚಿಹಿಡಿದು, ಅದಕ್ಕೆ ಬೆನ್ನು ಕೊಟ್ಟು ಹೊರಗೆ ನೆಲದ ಮೇಲೆ ಕೂತೆ. ಪಕ್ಕದ ಮನೆಯಾಕೆ ಬಂದು, ಹೆಂಗಿದೆ ನೋಡಣ ಎಂದಳು. ಒಳಗೆ ಬೇಡ ಎಂದೆ. ನನ್ನ ಗಂಡ ಮಧ್ಯಾಹ್ನ ತಟ್ಟೆಯನ್ನು ಅಲ್ಲಿಗೇ ತಂದುಕೊಟ್ಟರು. ಒಳಗೆ ಹೋಗಿ ನೋಡಬೇಕೆಂದು ಎಷ್ಟು ಸಲ ಜೀವ ಎಳೆಯಿತೋ ಲೆಕ್ಕವಿಲ್ಲ. ಎದ್ದರೆ ಬಾಗಿಲು ತೆರೆದುಕೊಳ್ಳುತ್ತಿತ್ತು. ಏಳಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಒಳಗೆ ಹೋದೆ. ಕಾಗದದ ಚೂರುಗಳನ್ನು ಅದು ತನ್ನ ಸುತ್ತ ಎಳೆದುಕೊಂಡು ಗೂಡು ಮಾಡಿಕೊಂಡಿತ್ತು. ಒಳಗೆ ಸುತ್ತಿಕೊಂಡು ಮಲಗಿತ್ತು, ತಣ್ಣಗಾಗಿತ್ತು. ಯಾವ ಹೊತ್ತಿಗೆ ಹೋಯಿತೋ ಗೊತ್ತಿಲ್ಲ, ಯಾರೂ ನೋಡಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ, ಅಷ್ಟು ಹೊತ್ತು ನಾನು ಅದನ್ನು ಒಂಟಿಯಾಗಿ ಬಿಟ್ಟಿದ್ದೆ. ನನ್ನ ತಂಗಿ ಕೇಳಿದ್ದೂ ಅಷ್ಟೇ ಹೊತ್ತು.